ಕೀಲೆಣ್ಣೆ ಕುಡಿದ ಡ್ರೈಯರ್

ಮಂಡ್ಯದಲ್ಲಿ ನಾನು ವಾಷಿಂಗ್ ಮಷೀನ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಹುಟ್ಟೂರು ಮಳವಳ್ಳಿ. ಸದ್ದು ಕೇಳಿಯೇ ರೋಗ ಹೇಳುತ್ತೇನೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಕೆರಗೋಡಿನ ಒಂದು ಮನೆ ಆ ಜಂಬ ಇಳಿಸಿತು.

ಫೋನ್ ಮಾಡಿದ್ದು ಆ ಮನೆಯ ಸೊಸೆ ರೂಪಾ. ಬಟ್ಟೆ ಒಣಗಿಸುವ ಡ್ರೈಯರ್ ವಿಪರೀತ ಸದ್ದು ಮಾಡುತ್ತಿದೆ ಎಂದರು. ನಮ್ಮ ಕಡೆ ಡ್ರೈಯರ್ ಎಂದರೆ ವಾಷಿಂಗ್ ಮಷೀನಿನಲ್ಲಿ ನೀರು ಹಿಂಡುವ ಪಕ್ಕದ ತೊಟ್ಟಿ. ಬಿಸಿಗಾಳಿ ಊದಿ ಬಟ್ಟೆ ಒಣಗಿಸುವ ಯಂತ್ರ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು, ಇದೂ ಆ ತೊಟ್ಟಿಯೇ ಎಂದುಕೊಂಡು ಹೋದೆ. ಹಿತ್ತಿಲ ಕೊಟ್ಟಿಗೆಯಲ್ಲಿ ನಿಂತಿದ್ದು ನಿಜವಾದ ಡ್ರೈಯರ್! ಮೈಸೂರಿನಲ್ಲಿರುವ ಮಗಳು ತನ್ನ ಹಳೆಯದನ್ನು ತವರಿಗೆ ತಂದುಕೊಟ್ಟಿದ್ದಳಂತೆ.

ತಂದುಕೊಟ್ಟಿದ್ದಕ್ಕೆ ಕಾರಣ ನಡುಮನೆಯ ಮಂಚದಲ್ಲಿತ್ತು. ಮನೆಯ ಹಿರಿಯೆ ಸಾಕಮ್ಮನಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಮಾತು ಹೋಗಿತ್ತು, ಬಲಗಡೆ ಸ್ವಾಧೀನವಿರಲಿಲ್ಲ. ದಿನಕ್ಕೆ ಐದಾರು ಸಲ ಹಾಸಿಗೆಬಟ್ಟೆ ಬದಲಿಸಬೇಕು. ಆಷಾಢದ ಜಿನುಗು ಮಳೆಯಲ್ಲಿ ಒಂದೂ ಒಣಗದು, ಹಸಿ ಬಟ್ಟೆಯ ಮೇಲೆ ಮಲಗಿಸಿದರೆ ಬೆನ್ನು ಹುಣ್ಣಾಗುತ್ತದೆ. ಆ ಬಟ್ಟೆಗಳನ್ನು ಒಗೆಯುತ್ತಿದ್ದುದು, ಒಣಗಿಸುತ್ತಿದ್ದುದು ಎಲ್ಲವೂ ಆಕೆಯ ಗಂಡ ಪುಟ್ಟೇಗೌಡರು. ಸೊಸೆಗೆ ಮುಟ್ಟಗೊಡುತ್ತಿರಲಿಲ್ಲ.

"ಅವ್ಳಿಗೆ ನಾಚ್ಕೆ ಆಯ್ತದೆ ಕಣಪ್ಪ. ನಾನಾದ್ರೆ ಪರ್ವಾಗಿಲ್ಲ" ಎಂದರು ಗೌಡರು. ಎಪ್ಪತ್ತು ದಾಟಿದವರು, ದಮ್ಮಿನ ಕಾಯಿಲೆ ಬೇರೆ. ಎರಡು ಮಾತಿಗೊಮ್ಮೆ ಉಸಿರು ಹುಡುಕುತ್ತಿದ್ದರು.

ಮಷೀನ್ ಹಾಕಿದೆ. ಐದು ನಿಮಿಷ ಓಡಿಸಿದರೂ ಸದ್ದೇ ಇಲ್ಲ. ಡಾಕ್ಟರ ಮುಂದೆ ಜ್ವರ ಇಳಿಯುವ ಹಾಗೆ ಮೆಕ್ಯಾನಿಕ್ ಮುಂದೆ ಮಷೀನಿನ ಸದ್ದು ಅಡಗುವುದು ಹೊಸದಲ್ಲ. ನೆಲ ಉಬ್ಬುತಗ್ಗಾಗಿತ್ತು. ಕಾಲು ಸಮ ಮಾಡಿ, ಕಾಫಿ ಕುಡಿದು, ಸರಿಹೋಯಿತು ಎಂದು ಹೇಳಿ ಬಂದೆ. ಅಂದು ಸಂಜೆಯೇ ರೂಪಾ ಫೋನ್ ಮಾಡಿದರು. "ಅಣ್ಣ, ಮೊದಲಿಗಿಂತ ಜಾಸ್ತಿ ಆಗೈತೆ. ಅದು ಕಿರುಚಿದ್ರೆ ಅತ್ತೆನೂ ಕಿರುಚ್ತಾರೆ. ಮಾವ ಊಟನೇ ಬುಟ್ಟವ್ರೆ."

ಮರುದಿನ ಹೋಗಿ ಪಟ್ಟಾಗಿ ಕುಳಿತೆ. ಹತ್ತು ನಿಮಿಷಕ್ಕೆ ಡ್ರಮ್ಮು ಕಾಯಿತು, ಸದ್ದು ಶುರುವಾಯಿತು. ಒಣಗಿದ ಅಚ್ಚಿನ ಮೇಲೆ ಗಾಡಿ ಚಕ್ರ ತಿರುಗಿದಂಥ ಕಿರ್ರೋ ಎನ್ನುವ ಸದ್ದು. ಒಡನೆಯೇ ನಡುಮನೆಯಿಂದ "ಆ... ಆ..." ಎಂಬ ಕೂಗು ಬಂತು. ಬಾಗಿಲಲ್ಲಿ ಇಣುಕಿದೆ. ಸಾಕಮ್ಮ ಕತ್ತು ಹೊರಳಿಸಿ ಹಿತ್ತಿಲ ಬಾಗಿಲನ್ನೇ ನೋಡುತ್ತಿದ್ದರು. ಪಾಪ, ಹೆದರಿದ್ದಾರೆ ಎಂದುಕೊಂಡೆ.

ಮಷೀನ್ ಬಿಚ್ಚಿದೆ. ಈ ಯಂತ್ರದ ಡ್ರಮ್ಮು ಹಿಂದುಗಡೆ ಎರಡು ಪುಟ್ಟ ರಬ್ಬರ್ ಚಕ್ರಗಳ ಮೇಲೆ ಉರುಳುತ್ತದೆ. ಅವಕ್ಕೆ ರೋಲರ್ ಎನ್ನುತ್ತೇವೆ. ಒಂದು ಬೆಲ್ಟು ಡ್ರಮ್ಮನ್ನು ಸುತ್ತಿ ಎಳೆಯುತ್ತದೆ. ನಾನು ಕಂಡಿದ್ದು ರೋಲರನ್ನಲ್ಲ, ಕರೀ ಗಸಿಯನ್ನು. ಬಟ್ಟೆಯ ನೂಲಿನ ಧೂಳೆಲ್ಲ ಅದಕ್ಕೆ ಮೆತ್ತಿಕೊಂಡು, ಬಿಸಿಗೆ ಸೀದು, ಗಟ್ಟಿಯಾಗಿತ್ತು. ಬೆರಳಲ್ಲಿ ತೆಗೆದು ಮೂಸಿದೆ. ಹರಳೆಣ್ಣೆ, ಜೊತೆಗೆ ಸುಟ್ಟ ಹುಲ್ಲಿನ ವಾಸನೆ. ನಮ್ಮಪ್ಪ ಎತ್ತಿನಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಿಂದ ಮೂಗಿಗೆ ಗೊತ್ತಿದ್ದ ವಾಸನೆ ಅದು.

"ಗೌಡ್ರೇ, ಇದಕ್ಕೆ ಕೀಲೆಣ್ಣೆ ಹಾಕಿದ್ರಾ?"

"ಊಂ ಕಣ್ ಸಿವಣ್ಣ. ಗಾಡಿ ಕಿರುಗುಟ್ಟುದ್ರೆ ಆಕಾಕಿಲ್ವಾ? ಅಂಗೇ ಇಂದ್ಗಡೆ ತಗ್ಡು ಬಿಚ್ಚಿ ಆಕ್ದೆ. ಎಲ್ಡು ದಿನ ಸುಮ್ಕಿತ್ತು. ಆಮೇಕೆ ತಿರ್ಗ ಸುರು ಆಯ್ತು. ತಿರ್ಗ ಆಕ್ದೆ."

ಗೋಡೆಯ ಗೂಡಿನಲ್ಲಿ ಎಣ್ಣೆ ತುಂಬುವ ಬಿದಿರಿನ ಗೊಟ್ಟವೂ ಇತ್ತು. ಗಾಡಿ ಮಾರಿ ಎಷ್ಟೋ ವರ್ಷವಾಗಿದ್ದರೂ ಕೀಲೆಣ್ಣೆಯ ಗೊಟ್ಟವನ್ನು ಇಟ್ಟುಕೊಂಡಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಿಂದಿನ ದಿನ ಬಿಚ್ಚದೆ ಹೋದ ನನ್ನ ತಪ್ಪಿನ ಸಿಟ್ಟೂ ಅದರಲ್ಲಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ಇದು ಎತ್ತಿನಗಾಡಿ ಅಲ್ಲ ಗೌಡ್ರೇ! ಎಣ್ಣೆ ಕುಡಿದ ಧೂಳು ಬಿಸಿಗೆ ಹತ್ತಿಕೊಂಡಿದ್ರೆ ಮನೆಗೇ ಬೆಂಕಿ. ಎದ್ದು ಓಡಕ್ಕಾಗದವರು ಒಳಗೆ ಮಲಗವ್ರೆ, ಅಷ್ಟೂ ಗ್ಯಾನ ಬೇಡ್ವಾ?"

ಮುದುಕರು ಗೊಟ್ಟವನ್ನು ತೆಗೆದುಕೊಂಡು ಹೋಗಿ ತಿಪ್ಪೆಗೆ ಎಸೆದು ಬಂದರು. ನಾನು ಆ ಮಾತು ಆಡಬಾರದಿತ್ತು.

ರೋಲರ್, ಬೆಲ್ಟು, ಡ್ರಮ್ಮಿನ ಅಂಚಿಗೆ ಅಂಟಿಸುವ ಉಣ್ಣೆಪಟ್ಟಿ ಎಲ್ಲ ಹೊಸದೇ ಬೇಕಿತ್ತು. ಮಂಡ್ಯದಲ್ಲಿ ಸಿಗಲಿಲ್ಲ, ಮೈಸೂರಿಗೆ ಬಸ್ಸು ಹತ್ತಿ ತರುವುದರೊಳಗೆ ಮೂರು ದಿನವಾಯಿತು. ಆ ಮೂರು ದಿನ ಗೌಡರು ಒಲೆಯ ಮುಂದೆ ಕುಳಿತು ಒಂದೊಂದೇ ಬಟ್ಟೆ ಹಿಡಿದು ಒಣಗಿಸಿದರಂತೆ. ಹೊಗೆಗೆ ದಮ್ಮು ಕೆರಳಿತ್ತು.

ಕರೀ ಗಸಿ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೋಪು ನೀರಲ್ಲಿ ತೊಳೆದು ಒಣಗಿಸಿ, ಹೊಸ ಸಾಮಾನು ಕೂರಿಸಿದೆ. ಒಂದು ಗಂಟೆ ಓಡಿಸಿದೆ. ಬಟ್ಟೆ ಹೊರಳುವ ಸದ್ದೂ ಕೊಟ್ಟಿಗೆಯ ಬಾಗಿಲು ದಾಟಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಬಹಳ ದಿನದಿಂದ ಮಾಡಿರಲಿಲ್ಲ. ಹಳೆಯ ರೋಲರುಗಳನ್ನು ದಾರಿಯಲ್ಲೇ ಗುಜರಿಗೆ ಹಾಕಿದೆ.

ನಾಲ್ಕನೆಯ ದಿನ ಫೋನ್ ಬಂತು, ಈ ಸಲ ಗೌಡರದೇ. "ವಸಿ ಬಂದೋಗಪ್ಪ."

ಮತ್ತೆ ಸದ್ದು ಬಂತೇನೋ ಎಂದು ಪಾನಾ, ಸ್ಕ್ರೂಡ್ರೈವರ್ ತುಂಬಿದ ಚೀಲ ಹೊತ್ತು ಓಡಿದೆ. ಮಷೀನ್ ತಣ್ಣಗೆ ತಿರುಗುತ್ತಿತ್ತು. ನಡುಮನೆಯಲ್ಲಿ ಸಾಕಮ್ಮ ಅಳುತ್ತಿದ್ದರು. ಅಂದು ಕೇಳಿದ "ಆ... ಆ..." ಅಲ್ಲ ಇದು. ಬಾಯಿ ಸೊಟ್ಟಗಾಗಿ, ಕಣ್ಣೀರು ಕಿವಿಗೆ ಇಳಿದು, ಬಿಕ್ಕಿ ಬಿಕ್ಕಿ ಅಳುವ ಅಳು. ನಾಲ್ಕು ದಿನದಿಂದ ಗಂಜಿಯನ್ನೂ ನುಂಗುತ್ತಿಲ್ಲವಂತೆ.

"ಆ ಸದ್ದು ಬಂದ್ರೆ ನಾನು ಇತ್ಲಲ್ಲಿ ಅವ್ನಿ ಅಂತ ಅವ್ಳಿಗೆ ಗೊತ್ತಾಯ್ತಿತ್ತು ಕಣಪ್ಪ" ಎಂದರು ಗೌಡರು. "ಕೂಗ್ತಿದ್ದದ್ದು ಎದ್ರುಕೊಂಡಲ್ಲ, ನನ್ನನ್ನ ಕರ್ಯಕ್ಕೆ. ನಂಗೂ ಈಗ್ಲೇ ತಿಳಿದದ್ದು. ಈಗ ನಾನು ಎದ್ದು ಇತ್ಲ ಕಡೀಕ್ ಬಂದ್ರೆ ಎಲ್ಲೋ ಒಂಟೋದ ಅಂದ್ಕತಾಳೆ. ಅದ್ಕೇಯ, ವಸಿ ಸದ್ದು ಬರಂಗೆ ಮಾಡ್ಕೊಡು."

ಇಪ್ಪತ್ತಾರು ವರ್ಷದಲ್ಲಿ ಸದ್ದು ತೆಗೆಯಿರಿ ಎಂದವರನ್ನು ಕಂಡಿದ್ದೇನೆ. ಸದ್ದು ಕೊಡು ಎಂದವರು ಇವರೊಬ್ಬರೇ. ಏನು ಮಾಡಲಿ? ಹಳೆಯ ರೋಲರ್ ಗುಜರಿ ಸೇರಿತ್ತು. ಹೊಸದನ್ನು ಬೇಕೆಂದೇ ಕೆಡಿಸಿದರೆ ಡ್ರಮ್ಮೇ ಕೆಡುತ್ತದೆ, ಮತ್ತೆ ಬೆಂಕಿಯ ಭಯ. ರೇಡಿಯೋ ಹಾಕಿ ನೋಡೋಣ ಎಂದೆ.

"ರೇಡಿಯೋ ನಾನಿಲ್ದಿದ್ರೂ ಮಾತಾಡ್ತದೆ ಬುಡು" ಎಂದರು.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟಿಗೆಯ ಜಗಲಿಯಲ್ಲಿ ಕುಳಿತೆ. ಅದರೊಳಗಿನ ಒಂದು ಪಾನಾಕ್ಕೂ ಆ ಕೆಲಸ ಗೊತ್ತಿರಲಿಲ್ಲ. ಅಂದು ಆಕೆಯ ಕಣ್ಣು ಹಿತ್ತಿಲ ಬಾಗಿಲಲ್ಲಿ ನೆಟ್ಟಿದ್ದನ್ನು ನಾನೇ ನೋಡಿದ್ದೆ. ರೋಲರಿನ ಮಾತು ಅರ್ಥವಾದ ನನಗೆ ಅದು ಅರ್ಥವಾಗಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತು ನನಗೂ ಅಳು ಬಂತು.

ಗೌಡರು ನನ್ನ ಮುಖ ನೋಡಿದರು, ಆಗದ ಕೆಲಸ ಎಂದು ತಿಳಿದುಕೊಂಡರು. ಡ್ರೈಯರಿಗೆ ಮುಂದಿನ ಬಟ್ಟೆ ತುಂಬಿ, ಬಾಗಿಲು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಂಡು ಇದ್ದಷ್ಟು ಉಸಿರೂ ಹಾಕಿ ಕೂಗಿದರು: "ಇಲ್ಲೇ ಅವ್ನಿ ಕಣಮ್ಮೀ!"

ಕೂಗಿನ ಹಿಂದೆಯೇ ಕೆಮ್ಮು ಬಂತು. ಒಳಗಿನ ಅಳು ನಿಂತಿತು. ಐದು ನಿಮಿಷಕ್ಕೆ ಮತ್ತೆ ಶುರುವಾಯಿತು. ಗೌಡರು ಮತ್ತೆ ಕೂಗಿದರು, ಮತ್ತೆ ಕೆಮ್ಮಿದರು. ಒಂದು ಸಲದ ಬಟ್ಟೆ ಒಣಗಲು ಮುಕ್ಕಾಲು ಗಂಟೆ ಬೇಕು, ಅಷ್ಟರಲ್ಲಿ ಮುಂದಿನದನ್ನು ಹಿತ್ತಿಲಲ್ಲೇ ಒಗೆಯಬೇಕು. ದಿನಕ್ಕೆ ಐದಾರು ಸಲ.

ಈಗ ಯಾರಾದರೂ ಸದ್ದಿನ ದೂರು ಹೇಳಿದರೆ ಚೀಲ ಬಿಚ್ಚುವ ಮುಂಚೆ ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳುತ್ತೇನೆ. ಹಳೆಯ ಸಾಮಾನನ್ನು ಒಂದು ತಿಂಗಳು ಅಂಗಡಿಯಲ್ಲೇ ಇಟ್ಟಿರುತ್ತೇನೆ. ಅಂಗಡಿಯ ಹುಡುಗರು ನಗುತ್ತಾರೆ, ನಗಲಿ. ಕೆರಗೋಡಿನ ಆ ಮಷೀನ್ ಇವತ್ತಿಗೂ ಕೆಟ್ಟಿಲ್ಲ.