ಸದ್ದು ಮಾಡದ ವ್ಯಾನು

ಇವತ್ತು ಬಾಂದ್ರಾ ಸ್ಟೇಷನ್ ಹೊರಗೆ ಎಲೆಕ್ಟ್ರಿಕ್ ಬಸ್ಸೊಂದು ನನ್ನ ಬೆನ್ನ ಹಿಂದೆಯೇ ಬಂದು ನಿಂತರೂ ಗೊತ್ತಾಗಲಿಲ್ಲ. "ಸೌಂಡೇ ಇಲ್ಲ ಮಮ್ಮಿ, ಮಸ್ತ್ ಹೈ ನಾ!" ಎಂದಳು ಮಗಳು. ನನಗೆ ಮೈಯೆಲ್ಲ ಉರಿಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಬ್ಯಾಟರಿಯಿಂದ ಓಡುವ ವ್ಯಾನು ಕಟ್ಟುತ್ತಿದ್ದರು. ಆ್ಯಸಿಡ್ ಸಿಡಿದು ಅವರ ಅಂಗಿಗಳೆಲ್ಲ ಜರಡಿಯಾಗಿದ್ದವು. ಅಮ್ಮ ಬೈಯುತ್ತಲೇ ತೇಪೆ ಹಾಕುತ್ತಿದ್ದಳು. ಆಯುಧಪೂಜೆಯ ದಿನ ನಮ್ಮನ್ನೂ ಕರೆದುಕೊಂಡು ಹೋದರು. ವ್ಯಾನಿಗೆ ಚೆಂಡುಹೂವಿನ ಹಾರ, ಚಕ್ರಗಳಡಿ ನಿಂಬೆಹಣ್ಣು. ಅಪ್ಪ ಸ್ಟಿಯರಿಂಗ್ ಹಿಡಿದು ಕೂತರು. ದೊಡ್ಡ ಸಾಹೇಬರು ತೆಂಗಿನಕಾಯಿ ಒಡೆದು, "ಅರೇ, ಚಾಲೂ ತೋ ಕರೋ!" ಎಂದರು.

"ಚಾಲೂ ಹೈ, ಸರ್," ಎಂದರು ಅಪ್ಪ.

ವ್ಯಾನು ಮುಂದೆ ಸರಿಯಿತು. ನಿಂಬೆಹಣ್ಣು ಪಚಕ್ಕೆಂದದ್ದು ಬಿಟ್ಟರೆ ಸದ್ದಿಲ್ಲ, ಹೊಗೆಯೂ ಇಲ್ಲ. "ಆವಾಜ್ ನಹೀಂ ತೋ ದಮ್ ನಹೀಂ," ಸದ್ದಿಲ್ಲದ ಗಾಡಿಗೆ ತಾಕತ್ತೂ ಇಲ್ಲ ಎಂದು ಸಾಹೇಬರು ನಕ್ಕರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು.

"ನೀವ್ಯಾಕಪ್ಪ ನಕ್ರಿ?" ಎಂದು ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ಕೇಳಿದೆ.

"ಸಾಹೇಬ್ರು ನಗ್ತಿರೋವಾಗ ನಗದೇ ಇರಕ್ಕಾಗುತ್ತಾ ಪುಟ್ಟಿ?"

ದೀಪಾವಳಿ ಕಳೆಯುವಷ್ಟರಲ್ಲಿ ವ್ಯಾನು ಕ್ಯಾಂಟೀನಿನ ಹಿಂದೆ ಆಲೂಗಡ್ಡೆ ಮೂಟೆಗಳ ಗೋದಾಮಾಯಿತು. ಅಪ್ಪನನ್ನು ಡೀಸೆಲ್ ಎಂಜಿನ್ ಪರೀಕ್ಷಿಸುವ ಶೆಡ್ಡಿಗೆ ಹಾಕಿದರು. ಅಂಗಿಗಳಿಗೆ ತೂತು ಬೀಳುವುದು ನಿಂತಿತು, ಕೆಮ್ಮು ಶುರುವಾಯಿತು. ಕರವಸ್ತ್ರ ಕಪ್ಪಾಗುತ್ತಿತ್ತು. ಸಾಯುವವರೆಗೂ ಕೆಮ್ಮಿದರು. ಆ ಕೆಮ್ಮಿಗೆ ಮಾತ್ರ ಇಡೀ ಬಿಲ್ಡಿಂಗಿಗೆ ಕೇಳುವಷ್ಟು ಆವಾಜ್ ಇತ್ತು, ಸಾಹೇಬರೇ.

ನಾವು ಹತ್ತಿ ಕೂತ ಮೇಲೆ ಬಸ್ಸು ಮೆಲ್ಲಗೆ ಕದಲಿತು. "ಮಮ್ಮಿ, ಚಾಲೂ ಆಯ್ತಾ ಇದು?" ಎಂದು ಮಗಳು ನಕ್ಕಳು. ಅಕ್ಕಪಕ್ಕದವರೂ ನಕ್ಕರು.

ನಾನು ನಗಲಿಲ್ಲ.