ದುರ್ಬೀನಿನಲ್ಲಿ ಕಂಡ ತೋಳ

“ಅಲ್ನೋಡ್ರಿ, ತೋಳ!” ಎಂದು ದೋಣಿಯಲ್ಲಿ ಎದ್ದು ನಿಂತು ಕೂಗಿದೆ.

ಎಪ್ಪತ್ತರ ದಶಕದ ಒಂದು ಭಾನುವಾರ ನಮ್ಮೂರ ಪಕ್ಕದ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರಾಣಿ, ಪಕ್ಷಿ ತೋರಿಸುತ್ತೇನೆಂದು ಆಫೀಸಿನ ಗೆಳೆಯರನ್ನು ಕರೆದೊಯ್ದಿದ್ದೆ. ಎರವಲು ತಂದ ದುರ್ಬೀನನ್ನು ಯಾರ ಕೈಗೂ ಕೊಡದೆ, ನಡುಗಡ್ಡೆಯ ಬಂಡೆ ಮೇಲೆ ನಿಂತಿದ್ದ ಆ ಬೂದು ಪ್ರಾಣಿಯ ಕ್ರೂರ ಕಣ್ಣುಗಳನ್ನು ಬಣ್ಣಿಸತೊಡಗಿದೆ. ಅದು ನೀರಿಗೆ ಹಾರಿ ನಮ್ಮತ್ತಲೇ ಈಜಿಕೊಂಡು ಬಂತು. ಎಲ್ಲರಿಗಿಂತ ಮೊದಲು ದೋಣಿಯ ತಳದಲ್ಲಿ ಮುದುರಿಕೊಂಡವನು ನಾನೇ.

ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮ ದೊಡ್ಡಪ್ಪ ಕೂಗಿದರು: “ಹೆದರಬ್ಯಾಡಲೇ, ನಮ್ಮನೆ ನಾಯಿ ಅದು! ನಿನ್ನ ದನಿ ಕೇಳಿ ಬರ್ತೈತೆ.”

ನಾಯಿ ದೋಣಿ ಹತ್ತಿ, ಎಲ್ಲರೆದುರು ನನ್ನ ಮುಖ ನೆಕ್ಕಿತು. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ದುರ್ಬೀನು ಹಿಡಿದರೂ ಸಿಗದ ಗುರುತು, ಅದಕ್ಕೆ ಒಂದೇ ಕೂಗಿಗೆ ಸಿಕ್ಕಿತ್ತು.