ತೊಳೆದು ಹಾಕಿದ ಕಾಳು

ಕಾಟಮ್ಮನಿಗೆ ಕೂತಲ್ಲಿ ಕೂತು ಅಭ್ಯಾಸವಿಲ್ಲ. ಐವತ್ತು ದಾಟಿದರೂ ತಳಕು ಹೋಬಳಿಯ ಸುತ್ತಿನ ಹೊಲಗಳಲ್ಲಿ ಶೇಂಗಾ ಬಿತ್ತನೆಗೆ ಮೊದಲು ಕರೆ ಬರುವುದು ಅವಳಿಗೇ. ಬಾಯಿಯೂ ಕೈಯಷ್ಟೇ ಚುರುಕು, ಅದೇ ತೊಂದರೆ. ಅಂದು ಬೆಳಿಗ್ಗೆ ಹಿತ್ತಿಲಲ್ಲಿ ಏಳು ಕೋಳಿ ಕಾಲು ಚಾಚಿ ಬಿದ್ದಿದ್ದನ್ನು ಕಂಡವಳೇ ಬೀದಿಗೆ ಬಂದು, ಪಕ್ಕದ ಮನೆಯ ಸಿದ್ದಕ್ಕ ವಿಷ ಹಾಕಿದಳೆಂದು ಊರಿಗೆಲ್ಲ ಕೇಳುವಂತೆ ಕೂಗಿದಳು.

ತನ್ನ ಸೊಪ್ಪಿನ ಮಡಿ ಕೆದಕಿದ ಕಾಟಮ್ಮನ ಕೋಳಿಗಳನ್ನು ಅಟ್ಟುತ್ತ ಸಿದ್ದಕ್ಕ ಹಿಂದೊಮ್ಮೆ, "ಒಂದಿನ ಇವಕ್ಕೆ ಮದ್ದಿಡ್ತೀನಿ" ಎಂದಿದ್ದು ನಿಜ. ಹಾಗೆನ್ನದ ನೆರೆಯವರು ಯಾರಿದ್ದಾರೆ? ಸಿದ್ದಕ್ಕ ಬಾಗಿಲು ಹಾಕಿಕೊಂಡು ಬೊಮ್ಮಣ್ಣನ ಹೊಲಕ್ಕೆ ಬಿತ್ತನೆಗೆ ಹೋದಳು. ಕೂಗಿದ್ದಾಯಿತು, ಕಾಟಮ್ಮನಿಗೆ ಸಮಾಧಾನ ಮಾತ್ರ ಆಗಲಿಲ್ಲ. ಗೂಡು ಮೂಸಿದಳು, ನೀರಿನ ಬೋಗುಣಿ ಮಗುಚಿದಳು, ತಿಪ್ಪೆ ಕೆದಕಿದಳು. ರೋಗವಾದರೆ ತೂಕಡಿಸಿ ಒಂದೊಂದಾಗಿ ಸಾಯಬೇಕು. ಇವು ಸಂಜೆ ಚೆನ್ನಾಗಿಯೇ ಮೇಯ್ದು, ಬೆಳಗಾಗುವಷ್ಟರಲ್ಲಿ ಒಟ್ಟಿಗೆ ಹೋಗಿದ್ದವು. ಕೊನೆಗೆ ಒಂದನ್ನು ಚೀಲಕ್ಕೆ ಹಾಕಿಕೊಂಡು ತಳಕಿನ ಪಶು ಆಸ್ಪತ್ರೆಗೆ ಬಸ್ಸು ಹತ್ತಿದಳು.

ಡಾಕ್ಟರು ಕೋಳಿಯ ಕೊರಳ ಕೆಳಗಿನ ಕಾಳಿನ ಚೀಲ ಕೊಯ್ದರು. ಘಾಟು ಮೂಗಿಗೆ ಬಡಿಯಿತು. ನಿನ್ನೆ ಬೊಮ್ಮಣ್ಣನ ಹೊಲದಲ್ಲಿ ಬಿತ್ತುವಾಗ ಇಡೀ ದಿನ ಕಾಟಮ್ಮನ ಅಂಗೈಯಲ್ಲಿದ್ದದ್ದು ಅದೇ ಘಾಟು.

ಬಿತ್ತಿದ ಹೆಂಗಸು ಬರಿ ಮಡಿಲಲ್ಲಿ ಮನೆ ಹೊಗಬಾರದು, ಉಳಿದ ಹಿಡಿ ಕಾಳನ್ನು ತಂದು ಕೋಳಿಗೆ ಹಾಕಬೇಕು ಎಂದು ಅವಳ ಅವ್ವ ಕಲಿಸಿದ್ದಳು. ಈ ವರ್ಷ ಬೊಮ್ಮಣ್ಣ ಗೆದ್ದಲಿಗೆ ಹೆದರಿ ಬೀಜಕ್ಕೆ ಔಷಧಿ ಹಚ್ಚಿಸಿದ್ದ. ಅದು ಕಾಟಮ್ಮನಿಗೂ ಗೊತ್ತಿತ್ತು. ಅದಕ್ಕೇ ಎರಡು ಸಲ ತೊಳೆದು, ಜಜ್ಜಿ ಹಾಕಿದ್ದಳು.

"ತೊಳೆದಿದ್ನಲ್ಲ ಸಾರ್."

"ತೊಳೆದ್ರೆ ಬಣ್ಣ ಹೋಗುತ್ತಮ್ಮ, ವಿಷ ಹೋಗಲ್ಲ. ಇವನ್ನ ಯಾರೂ ತಿನ್ನಬೇಡಿ, ಆಳವಾಗಿ ಹೂಳಿ."

ಹೊರಗೆ ಬಂದಾಗ ಇನ್ನೊಂದು ಹೊಳೆಯಿತು. ಸಿದ್ದಕ್ಕನೂ ಇಂದು ಮಡಿಲಲ್ಲಿ ಕಾಳು ತರುತ್ತಾಳೆ. ಆ ರೂಢಿ ಅವಳಿಗೆ ಕಲಿಸಿದ್ದು, ತೊಳೆದು ಹಾಕು ಎಂದು ಹೇಳಿಕೊಟ್ಟಿದ್ದು, ಎರಡೂ ಕಾಟಮ್ಮನೇ.

ಬಸ್ಸು ಬರುವುದು ತಡವಾಯಿತು. ಕಾಟಮ್ಮ ನಿಂತಳು, ಕೂತಳು, ಮತ್ತೆ ಎದ್ದಳು. ಸುಮ್ಮನಿದ್ದುಬಿಟ್ಟರೆ? ಸಿದ್ದಕ್ಕನ ಕೋಳಿಯೂ ಸತ್ತರೆ ಊರು ರೋಗ ಎಂದುಕೊಳ್ಳುತ್ತದೆ, ತನ್ನ ಮರ್ಯಾದೆ ಉಳಿಯುತ್ತದೆ. ಈ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಊರ ಗೇಟಿನಲ್ಲಿ ಬಸ್ಸು ಇಳಿದವಳು ಸೆರಗು ಬಿಗಿದು ಓಡಿದಳು.

ಸಿದ್ದಕ್ಕ ಅಂಗಳದಲ್ಲಿ ಕಾಳು ಜಜ್ಜಿ ಮುಗಿಸಿದ್ದಳು. ಕಾಲ ಸುತ್ತ ಕೋಳಿಗಳು ನೆರೆದಿದ್ದವು.

"ಇನ್ನೂ ಬೈಯೋದು ಉಳ್ದೈತಾ?" ಎಂದಳು.

ಕಾಟಮ್ಮ ಅವಳ ಕೈ ಹಿಡಿದುಕೊಂಡಳು. "ಹಾಕ್ಬೇಡ ಸಿದ್ದಕ್ಕ. ತೊಳೆದ್ರೂ ವಿಷ ಹೋಗಲ್ವಂತೆ. ನನ್ ಕೋಳಿನ ನಾನೇ ಕೈಯಾರೆ ಕೊಂದೀನಿ."

ಸಿದ್ದಕ್ಕ ಕಾಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಕೋಳಿಗಳನ್ನು ಒಂದೊಂದಾಗಿ ಗೂಡಿಗೆ ಅಟ್ಟಿ ಬಾಗಿಲು ಹಾಕಿದಳು. ಆಮೇಲೆ ಹೇಳಿದಳು.

"ಬೆಳಿಗ್ಗೆ ಬೀದೀಲಿ ನಿಂತು ಕೂಗಿದ್ಯಲ್ಲ. ಇದನ್ನೂ ಅಲ್ಲೇ ನಿಂತು ಕೂಗು. ಇವತ್ತು ಕಾಳು ತಂದೋರು ಇನ್ನೂ ಆರು ಜನ ಅವ್ರೆ."

ಕಾಟಮ್ಮ ಬೀದಿಗೆ ಬಂದಳು. ತನ್ನ ಹೆಸರು ಹಿಡಿದೇ, ಕೋಳಿ ಕೊಂದವಳು ತಾನೇ, ತೊಳೆದ ಕಾಳೂ ವಿಷವೇ ಎಂದು ಬೆಳಿಗ್ಗೆಗಿಂತ ಜೋರಾಗಿ ಕೂಗಿದಳು.